ವಾರಗಿತ್ತಿಗೆ ಹಾಕಿಸಿದ ಸೂಜಿ

ನನ್ನ ವಾರಗಿತ್ತಿ ನೂರು ವರ್ಷ ಬದುಕಲಿ ಎಂದು ನಾನು ದೇವರಿಗೆ ಕೈಮುಗಿಯುತ್ತೇನೆ. ಕೇಳಿದವರು, ಎಂಥ ಅನ್ಯೋನ್ಯ ಇವರಿಬ್ಬರದು ಎಂದುಕೊಳ್ಳುತ್ತಾರೆ. ಅನ್ಯೋನ್ಯವೂ ಇಲ್ಲ, ಮಣ್ಣೂ ಇಲ್ಲ. ಅವಳು ಬೇಗ ಹೋಗಿಬಿಟ್ಟರೆ ನನಗೆ ನಷ್ಟ, ಅಷ್ಟೆ. ಎದುರಿಗೆ ಅವಳನ್ನು ‘ಅಕ್ಕ’ ಎಂದೇ ಕರೆಯುತ್ತೇನೆ, ‘ನೀವು’ ಎಂದೇ ಮಾತಾಡಿಸುತ್ತೇನೆ. ಬರೆಯುವಾಗಲಾದರೂ ‘ಅವಳು’ ಎನ್ನುವ ಸ್ವಾತಂತ್ರ್ಯ ನನಗಿರಲಿ.

ಮತ್ತಿಕೆರೆಯಲ್ಲಿ ನಮ್ಮದು ಅಣ್ಣತಮ್ಮಂದಿರು ಸೇರಿ ಕಟ್ಟಿಸಿದ ಮನೆ. ಕೆಳಗೆ ನಾನು, ನನ್ನ ಯಜಮಾನರು. ಮಹಡಿಯಲ್ಲಿ ನಮ್ಮ ಭಾವನವರು ಮತ್ತು ಅವಳು. ಅದರ ಮೇಲೆ ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟ ರೂಮುಗಳು. ಅವಳು ಅಬ್ಬಿಗೆರೆಯ ಹೊಲಮನೆಯಿಂದ ಬಂದವಳು, ನನಗಿಂತ ಮೊದಲು ಈ ಮನೆಯ ಹೊಸಿಲು ತುಳಿದವಳು. ನಾನು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬೆಳಗ್ಗೆ ಕಾರ್ಖಾನೆಯ ಬಸ್ಸು ಹತ್ತಿ ಹೋಗುವುದು, ಸಂಜೆ ಬರುವುದು. ಅದು ಅವಳಿಗೆ ಕೊನೆಯವರೆಗೂ ಹಿಡಿಸಲಿಲ್ಲ. ‘ಆಫೀಸರಮ್ಮ ಬಂದ್ರು, ಕಾಫಿ ಕೊಡ್ರೋ’ ಎಂದು ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದಳು. ಅದನ್ನೆಲ್ಲ ನಾನು ನುಂಗಿಕೊಂಡೆ. ವಾರಗಿತ್ತಿಯರೆಂದರೆ ಹೀಗೇ ಇರುತ್ತದೆ ಎಂದು ನನ್ನಮ್ಮ ಮದುವೆಗೆ ಮೊದಲೇ ಹೇಳಿ ಕಳಿಸಿದ್ದಳು.

ನುಂಗಲಾಗದ್ದು ನಡೆದದ್ದು ನಾನು ನಿವೃತ್ತಳಾದ ಮೇಲೆ.

ಒಂದು ದಿನ ಎಡಬೆನ್ನಿನಲ್ಲಿ, ರೆಕ್ಕೆಮೂಳೆಯ ಕೆಳಗೆ, ಉರಿ ಶುರುವಾಯಿತು. ಅಕ್ಕಿ ಡಬ್ಬ ಎತ್ತಿದ್ದಕ್ಕೆ ಉಳುಕಿರಬೇಕು ಎಂದು ಮುಲಾಮು ತಿಕ್ಕಿಕೊಂಡೆ. ಮಾರನೆಯ ದಿನ ಅಲ್ಲಿ ಕೆಂಪಗೆ ಗುಳ್ಳೆಗಳು ಎದ್ದವು. ಸಾಲುಸಾಲಾಗಿ ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ಎದೆಯ ಕೆಳಗೆ ಬಂದವು. ವಾರಗಿತ್ತಿ ಕೆಳಗಿಳಿದು ಬಂದು ನನ್ನ ರವಿಕೆ ಸರಿಸಿ ನೋಡಿದಳು.

“ಸರ್ಪಸುತ್ತು ಕಣೆ ಇದು. ಎರಡು ಕಡೆಯಿಂದ್ಲೂ ಬಂದು ತಲೆ-ಬಾಲ ಸೇರ್ತು ಅಂದ್ರೆ ಮುಗೀತು.”

“ಆಸ್ಪತ್ರೆಗೆ ಹೋಗ್ತೀನಿ ಅಕ್ಕ.”

“ಆಸ್ಪತ್ರೆಗ್ ಓದ್ರೆ ಸೂಜಿ ಚುಚ್ತಾರೆ. ಆವು ಇನ್ನೂ ಕೆರಳ್ತದೆ. ನಮ್ಮೂರ್ ಕಡೆ ಒಬ್ರವ್ರೆ, ಕೆಮ್ಮಣ್ಣು ಅಚ್ಚಿ ಮಂತ್ರಿಸ್ತಾರೆ. ಸುಮ್ನೆ ಮಲ್ಕೊ.”

ನಮ್ಮ ಯಜಮಾನರು ಅತ್ತಿಗೆಯ ಮಾತು ಮೀರುವವರಲ್ಲ. ನಾನೂ ಆ ಉರಿಯಲ್ಲಿ ಜಗಳಾಡುವ ಸ್ಥಿತಿಯಲ್ಲಿರಲಿಲ್ಲ. ಒಬ್ಬ ಮುದುಕ ಬಂದು ಕೆಮ್ಮಣ್ಣು ಕಲಸಿ, ಗುಳ್ಳೆಗಳ ಸುತ್ತ ಗೆರೆ ಎಳೆದು, ಏನೋ ಗೊಣಗಿ ಹೋದ. ಆಮೇಲೂ ಬಂದ. ಗುಳ್ಳೆಗಳು ಅವನ ಗೆರೆ ದಾಟಿಕೊಂಡು ಮುಂದೆ ಹೋದವು. ಕೊನೆಗೆ ಜ್ವರ ಏರಿ ನಾನು ಕನವರಿಸತೊಡಗಿದಾಗ ಮಗಳು ಗಂಡನ ಮನೆಯಿಂದ ಬಂದು ಆರ್.ಟಿ. ನಗರದ ಡಾಕ್ಟರ ಹತ್ತಿರ ಕರೆದೊಯ್ದಳು.

ಆ ಡಾಕ್ಟರು ಮಿತಭಾಷಿ ಹೆಂಗಸು. ಬೆನ್ನಿನ ಕೆಮ್ಮಣ್ಣನ್ನು ಒರೆಸುತ್ತಾ ಕೇಳಿದರು: “ಚಿಕ್ಕವರಿದ್ದಾಗ ನಿಮಗೆ ಅಮ್ಮ ಆಗಿತ್ತಾ?”

ಆಗಿತ್ತು. ಬೇವಿನಸೊಪ್ಪಿನ ಮೇಲೆ ಮಲಗಿಸಿದ್ದು ನೆನಪಿತ್ತು.

“ಅದೇ ವೈರಸ್ಸು. ಅವತ್ತಿಂದ ನರದ ಬುಡದಲ್ಲಿ ಮಲಗಿತ್ತು. ವಯಸ್ಸಾಯ್ತು, ಮೈಯಲ್ಲಿ ತಡಕೊಳ್ಳೋ ಶಕ್ತಿ ಕಮ್ಮಿ ಆಯ್ತು, ಎದ್ದಿದೆ. ಹಾವೂ ಇಲ್ಲ, ದೋಷಾನೂ ಇಲ್ಲ. ಗುಳ್ಳೆ ಎದ್ದ ಮೊದಲ ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತಿತ್ತು. ತಡ ಮಾಡಿದ್ರಿ.”

ತಡ ಮಾಡಿದ್ದು ನಾನಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಗುಳ್ಳೆಗಳು ಒಣಗಿ ಉದುರಿದವು. ನೋವು ಉಳಿಯಿತು. ಅದನ್ನು ಅನುಭವಿಸದವರಿಗೆ ಹೇಗೆ ಹೇಳುವುದೋ ನನಗೆ ಇವತ್ತಿಗೂ ತಿಳಿಯದು. ಫ್ಯಾನಿನ ಗಾಳಿ ಬೆನ್ನಿಗೆ ಬಡಿದರೆ ಕಾದ ಎಣ್ಣೆ ಸಿಡಿದ ಹಾಗಾಗುತ್ತಿತ್ತು. ಸೆರಗು ತಾಗಿದರೆ ಗಾಜಿನ ಪುಡಿ ಉಜ್ಜಿದ ಹಾಗೆ. ರವಿಕೆಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಡುತ್ತಿದ್ದೆ, ಹೊಲಿಗೆ ಚರ್ಮಕ್ಕೆ ತಾಕದಿರಲಿ ಎಂದು. ಗೋಡೆಗೆ ಒರಗುವುದನ್ನು ಬಿಟ್ಟೆ, ಬೋರಲು ಮಲಗುವುದನ್ನು ಕಲಿತೆ. ಮೊಮ್ಮಗಳು ಓಡಿಬಂದು ಅಪ್ಪಿಕೊಳ್ಳಲು ಕೈಚಾಚಿದರೆ ನಾನು ಹಿಂದೆ ಸರಿಯುತ್ತಿದ್ದೆ. ಆ ಮಗುವಿನ ಮುಖ ಚಿಕ್ಕದಾಗುವುದನ್ನು ನೋಡಿ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ.

ಆದರೆ ಹೊರಗೆ ನೋಡುವವರಿಗೆ ಚರ್ಮ ಚೆನ್ನಾಗಿಯೇ ಇತ್ತು. ಅಲ್ಲಲ್ಲಿ ಒಂದಿಷ್ಟು ಕಲೆ, ಅಷ್ಟೇ. ಕಾಣದ ನೋವನ್ನು ಯಾರು ನಂಬುತ್ತಾರೆ? ಮಹಡಿಯ ಕಿಟಕಿಯಿಂದ ಅವಳ ಮಾತು ಕೆಳಗೆ ಕೇಳಿಸುತ್ತಿತ್ತು. “ಕೆಲ್ಸ ಮಾಡೋಕ್ ಮನಸ್ಸಿಲ್ಲ, ಬೆನ್ನುನೋವು ಅಂತಾಳೆ. ನಾವೆಲ್ಲ ಮೈಯಲ್ಲಿ ನೋವಿಲ್ದೆ ಬದುಕಿದ್ದೀವಾ?”

ಆಮೇಲೆ ಅಬ್ಬಿಗೆರೆಯಲ್ಲಿ ಅವಳ ಮಗನ ಹೊಸ ಮನೆಯ ಗೃಹಪ್ರವೇಶ ಬಂತು. ಮಗ ಬಿಲ್ಡರ್. ಅಮ್ಮನ ತವರಿನವರು ಕೊಟ್ಟ ಜಾಗದಲ್ಲಿ ದೊಡ್ಡದಾಗಿಯೇ ಕಟ್ಟಿಸಿದ್ದ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂದು ಹೋದೆ. ಪೂಜೆ ಮುಗಿದು ಹೆಂಗಸರೆಲ್ಲ ಹಾಲ್‌ನಲ್ಲಿ ಜಮಖಾನದ ಮೇಲೆ ಕೂತಿದ್ದರು. ನಾನು ಗೋಡೆಯಿಂದ ದೂರ, ಯಾರಿಗೂ ತಾಗದ ಹಾಗೆ, ನೆಟ್ಟಗೆ ಕೂತು ಪಾಯಸದ ಲೋಟ ಹಿಡಿದಿದ್ದೆ. ನಮ್ಮ ಮಾವನವರ ತಂಗಿ, ನಾವೆಲ್ಲ ಚಿಕ್ಕತ್ತೆ ಎನ್ನುವವರು, ಕೇಳಿದರು: “ಯಾಕಮ್ಮ ಹಿಂಗೆ ಬೆರ್ಚಪ್ಪನ ತರ ಕೂತಿದ್ದೀಯ? ಒರಗ್ಕೊ.”

ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ವಾರಗಿತ್ತಿ ನನಗಿಂತ ಮೊದಲು ಬಾಯಿ ಹಾಕಿದಳು.

“ಅವಳ ಬೆನ್ನು ಯಾರೂ ಮುಟ್ಟಂಗಿಲ್ಲವಂತೆ ಅತ್ತೆ. ವಾಸಿಯಾಗಿ ಎಷ್ಟು ಕಾಲ ಆಯ್ತು! ಎಲ್ಲಾ ನಾಟಕ. ನೋಡಿ ಬೇಕಾದ್ರೆ.”

ತಟ್ಟೆಯನ್ನು ಎಡಗೈಗೆ ಬದಲಿಸಿಕೊಂಡಳು. ಬಲಗೈ ಅಗಲಿಸಿ ನನ್ನ ಎಡಬೆನ್ನಿನ ಮೇಲೆ, ಸರಿಯಾಗಿ ಅದೇ ಜಾಗಕ್ಕೆ, ಹೊಡೆದಳು.

ನಾನು ಕಿರುಚಿದ್ದು ನನಗೇ ಬೇರೆ ಯಾರೋ ಕಿರುಚಿದ ಹಾಗೆ ಕೇಳಿಸಿತು. ಮುಂದಕ್ಕೆ ಮುಗ್ಗರಿಸಿ ಬಿದ್ದೆ. ಪಾಯಸ ಚೆಲ್ಲಿ ಸೀರೆಯೆಲ್ಲ ಅಂಟಾಯಿತು. ಕಣ್ಣು ಕತ್ತಲಿಟ್ಟು, ಎದ್ದೇಳಲಾಗದೆ ಜಮಖಾನದ ಮೇಲೆ ಕೈಯೂರಿಕೊಂಡೇ ಇದ್ದೆ. ಆಗ ನಗು ಕೇಳಿಸಿತು. ಒಬ್ಬರದಲ್ಲ, ಸುಮಾರು ಜನರದು.

“ನೋಡಿದ್ರಾ, ಎಷ್ಟ್ ಚೆನ್ನಾಗ್ ಆಕ್ಟ್ ಮಾಡ್ತಾಳೆ,” ಎಂದಳು ಅವಳು. ಮುಂದಿನವರಿಗೆ ಕುಂಕುಮ ಕೊಡಲು ಹೋದಳು.

ವಾಪಸ್ಸು ಬರುವಾಗ ಗಂಗಮ್ಮ ಸರ್ಕಲ್‌ನಲ್ಲಿ ಗಾಡಿಗಳು ಸಿಕ್ಕಿಹಾಕಿಕೊಂಡು ನಿಂತಿದ್ದವು. ಆಟೋದಲ್ಲಿ ಮುಂದಕ್ಕೆ ಬಾಗಿ ಕೂತಿದ್ದ ನನಗೆ ಯಜಮಾನರು ಹೇಳಿದರು: “ಹೋಗ್ಲಿ ಬಿಡು. ಅತ್ತಿಗೆ ತಮಾಷೆಗೆ ಮಾಡಿರ್ತಾರೆ.”

ನಾನು ಬಿಡಲಿಲ್ಲ. ಅವತ್ತಿನಿಂದ ಮಹಡಿ ಹತ್ತಲಿಲ್ಲ. ಅವಳ ಮನೆಯಿಂದ ಬಂದ ಹೋಳಿಗೆಯನ್ನು ಕೆಲಸದವಳಿಗೆ ಕೊಟ್ಟೆ. ಪ್ರತಿ ಶುಕ್ರವಾರ ಗುಡಿಯಲ್ಲಿ ಕಣ್ಣುಮುಚ್ಚಿ ನಿಂತಾಗ ಬೇಡಿಕೊಳ್ಳುತ್ತಿದ್ದದ್ದು ಒಂದೇ: ಅವಳ ಬೆನ್ನಿನ ಮೇಲೂ ಏಳಲಿ. ಸುತ್ತಲಿ. ಉರಿಯಲಿ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ನೋವಿನ ಜೊತೆ ಇರುವವರಿಗೆ ಒಂದು ಕೆಲಸ ಬೇಕು. ದ್ವೇಷ ನನಗೆ ಆ ಕೆಲಸವಾಗಿತ್ತು. ಅದು ನನ್ನನ್ನು ಬೆಳಗ್ಗೆ ಎಬ್ಬಿಸಿ ಕೂರಿಸುತ್ತಿತ್ತು.

ನೋವು ನಿಧಾನವಾಗಿ ಇಳಿಯಿತು, ಪೂರ್ತಿ ಹೋಗಲಿಲ್ಲ. ಸರ್ಪಸುತ್ತು ಒಮ್ಮೆ ಬಂದವರಿಗೂ ಮತ್ತೆ ಬರಬಹುದು, ಐವತ್ತು ದಾಟಿದವರಿಗೆ ಒಂದು ಲಸಿಕೆ ಇದೆ ಎಂದು ಡಾಕ್ಟರು ಹೇಳಿದರು. ನಾನು ಹಿಂದುಮುಂದು ನೋಡದೆ ಹಾಕಿಸಿಕೊಂಡೆ. ಹಳೆಯ ನೋವಿಗೆ ಅದು ಮದ್ದಲ್ಲ ಎಂದು ಅವರು ಸ್ಪಷ್ಟವಾಗಿಯೇ ತಿಳಿಸಿದ್ದರು. ಹೊಸದು ಬರದಿದ್ದರೆ ಸಾಕಾಗಿತ್ತು ನನಗೆ.

ಹೀಗಿರುವಾಗ ಚಿಕ್ಕಬಾಣಾವರದಲ್ಲಿದ್ದ ಅವಳ ತಮ್ಮನಿಗೆ ಸರ್ಪಸುತ್ತು ಆಯಿತು. ಹಣೆಯ ಮೇಲೆ ಎದ್ದು ಕಣ್ಣಿಗೆ ಇಳಿಯಿತು. ಅವಳು ನೋಡಿಕೊಂಡು ಬಂದಳು. ಮಾರನೆಯ ಬೆಳಗ್ಗೆ ನನ್ನ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಕಾಲದ ಮೇಲೆ ಮೊದಲ ಸಲ.

“ಏನ್ ಮಾಡ್ತಿದ್ದೀಯೆ?”

“ಸೊಪ್ಪು ಬಿಡಿಸ್ತಿದ್ದೀನಿ ಅಕ್ಕ.”

ಅವಳೇ ಕುರ್ಚಿ ಎಳೆದುಕೊಂಡು ಕೂತಳು. ಸಂಧಿವಾತದಿಂದ ಅವಳ ಬೆರಳುಗಳು ಸೊಟ್ಟಗಾಗಿದ್ದವು. ಸ್ವಲ್ಪ ಹೊತ್ತು ಅವನ್ನೇ ಸವರಿಕೊಂಡಳು.

“ತಮ್ಮ ಗಂಡಸು ಕಣೆ. ಮಗು ತರ ಅಳ್ತಾನೆ. ರೆಪ್ಪೆ ಮುಚ್ಚೋಕ್ಕೂ ಆಗಲ್ಲ ಅಂತಾನೆ. ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ನೀನ್ ಅದೇನೋ ಸೂಜಿ ಆಕಿಸ್ಕೊಂಡ್ಯಂತಲ್ಲ. ನನ್ನೂ ಕರ್ಕೊಂಡ್ ಓಗು. ಯಾವ್ದು ಆಕಿಸ್ಕೊಬೇಕು, ಎಲ್ಲಿ, ನೀನೇ ಯೋಳು. ನೀನ್ ಯೋಳ್ದಂಗೆ ಮಾಡ್ತೀನಿ.”

ನನ್ನ ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ಉಳಿಯಿತು. ಅಷ್ಟು ವರ್ಷ ನಾನು ಬೇಡಿದ್ದನ್ನು ದೇವರು ಕೊಡದೆ, ಅವಳನ್ನೇ ನನ್ನ ಕೈಗೆ ಕೊಟ್ಟಿದ್ದ. ‘ಏನೂ ಬೇಡಿ ಅಕ್ಕ, ಅದೆಲ್ಲ ಡಾಕ್ಟರುಗಳ ವ್ಯಾಪಾರ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಎದ್ದುಹೋಗುತ್ತಿದ್ದಳು, ನಂಬುತ್ತಿದ್ದಳು. ನಾಲಿಗೆ ತುದಿಗೆ ಬಂದೂ ಇತ್ತು.

ಆದರೆ ಆ ಕ್ಷಣದಲ್ಲಿ ಇನ್ನೊಂದು ಹೊಳೆಯಿತು. ಅವಳಿಗೆ ಸರ್ಪಸುತ್ತು ಬಂದರೆ ಏನಾಗುತ್ತದೆ? ಅವಳು ಅಯ್ಯೋ ಎಂದ ಕೂಡಲೇ ಮಗ ಕಾರು ತರುತ್ತಾನೆ. ಸೊಸೆ ಬಿಸಿನೀರು ಹಿಡಿಯುತ್ತಾಳೆ. ಚಿಕ್ಕತ್ತೆ ತಲೆ ಸವರುತ್ತಾರೆ. ಯಾರೂ ಅವಳ ಬೆನ್ನಿಗೆ ಹೊಡೆದು ಪರೀಕ್ಷೆ ಮಾಡುವುದಿಲ್ಲ. ನನ್ನ ನೋವನ್ನು ನಂಬದ ಇಡೀ ಮನೆತನ ಅವಳ ನೋವನ್ನು ಒಂದೇ ದಿನದಲ್ಲಿ ನಂಬಿಬಿಡುತ್ತದೆ. ನೊಂದವಳು ಎಂಬ ಹೆಸರೂ ಅವಳಿಗೇ ಹೋಗುತ್ತದೆ. ಇಲ್ಲ, ಅದನ್ನು ನಾನು ಅವಳಿಗೆ ಕೊಡಲಾರೆ ಅನ್ನಿಸಿತು.

“ಕರ್ಕೊಂಡು ಹೋಗ್ತೀನಿ ಅಕ್ಕ,” ಎಂದೆ. “ನಿಮ್ಮ ಮೊಮ್ಮಗನ ನಾಮಕರಣ ಇದೆಯಲ್ಲ. ಅವತ್ತು ಗೃಹಪ್ರವೇಶಕ್ಕೆ ಬಂದಿದ್ದವರೆಲ್ಲ ಬರ್ತಾರೆ. ಅವರ ಮುಂದೆ ನೀವು ನನಗೆ ಏನು ಮಾಡಿದ್ರಿ ಅಂತ ಹೇಳಿ. ಆಮೇಲೆ ಹೋಗೋಣ.”

ಅವಳು ಏನೂ ಅರ್ಥವಾಗದವಳ ಹಾಗೆ ನನ್ನನ್ನು ನೋಡಿದಳು. ಅರ್ಥವಾದ ಮೇಲೆ ಮುಖ ಕೆಂಪಾಯಿತು.

“ಓಗೇ, ನಿನ್ ಅಂಗಲ್ಲಿ ಯಾರೂ ಇಲ್ಲ! ನನ್ ಮಗ ಇದ್ದಾನೆ.”

ಕುರ್ಚಿಯನ್ನು ಅಲ್ಲೇ ಬಿಟ್ಟು ಎದ್ದುಹೋದಳು.

ಮಗನಿಗೆ ಪುರುಸೊತ್ತಿರಲಿಲ್ಲ. ಯಾರೋ ಸ್ನೇಹಿತರನ್ನು ಕೇಳಿ, ‘ಒಂದೇ ಡೋಸಿಂದು ಇದೆಯಂತಮ್ಮ, ಅದನ್ನ ಹಾಕಿಸೋಣ, ಎರಡೆರಡು ಸಲ ಯಾರು ಓಡಾಡ್ತಾರೆ’ ಎಂದನಂತೆ. ಇನ್ನೊಬ್ಬರು, ಕೀಲುನೋವಿನ ಮಾತ್ರೆ ನುಂಗುವವರಿಗೆ ಎಲ್ಲ ಲಸಿಕೆಯೂ ಆಗಿಬರುವುದಿಲ್ಲ ಎಂದು ಹೆದರಿಸಿದರಂತೆ. ಅಷ್ಟರಲ್ಲಿ ತಮ್ಮನ ಆ ಕಣ್ಣು ಮಂಜಾಯಿತೆಂದು ಸುದ್ದಿ ಬಂತು. ಅವಳು ಮತ್ತೆ ಕೆಳಗಿಳಿದಳು. ಈ ಸಲ ಕೂರಲಿಲ್ಲ.

“ಆಯ್ತು, ಯೋಳ್ತೀನಿ,” ಎಂದಷ್ಟೇ ಹೇಳಿ ಹತ್ತಿಹೋದಳು.

ನಾಮಕರಣ ಯಶವಂತಪುರದ ಒಂದು ಸಣ್ಣ ಛತ್ರದಲ್ಲಿ. ಊಟ ಮುಗಿದು ಹೆಂಗಸರು ಎಲೆಅಡಿಕೆ ಹಾಕುತ್ತಾ ಕೂತಿದ್ದಾಗ, ಅವಳ ತಮ್ಮನ ಕಣ್ಣಿನ ವಿಷಯ ತಾನಾಗಿಯೇ ಬಂತು. ನಾನು ಅವಳನ್ನೇ ನೋಡಿದೆ. ಅವಳು ಗಂಟಲು ಸರಿಮಾಡಿಕೊಂಡಳು.

“ಇವಳಿಗೂ ಆಗಿತ್ತಲ್ಲ ಸರ್ಪಸುತ್ತು,” ಎಂದು ನನ್ನ ಕಡೆ ಕೈ ತೋರಿದಳು. “ಪಾಪ, ಭಾಳ ನೋವು ತಿಂದ್ಳು. ಆಗೆಲ್ಲ ನಾನೇ ನೋಡ್ಕೊಂಡೆ. ಔಸ್ದಿ ಮಾಡ್ಸ್ದೆ. ನನ್ ಸ್ವಂತ ತಂಗಿ ಇದ್ದಂಗೆ ಇವ್ಳು.”

ಹೊಡೆದದ್ದಕ್ಕಿಂತ ಇದು ಹೆಚ್ಚಾಯಿತು. ಎದ್ದು ನಿಂತೆ.

“ಪೂರ್ತಿ ಹೇಳಿ ಅಕ್ಕ.”

“ಯೋಳ್ದೆನಲ್ಲ.”

“ಗೃಹಪ್ರವೇಶದ ದಿನ ಏನು ಮಾಡಿದ್ರಿ, ಅದನ್ನ ಹೇಳಿ.”

“ಶುಭ ಕಾರ್ಯದಲ್ಲಿ ಅದೆಲ್ಲ ಯಾಕಮ್ಮ ಈಗ?” ಎಂದು ಯಾರೋ ಹೇಳಿದರು. ಯಜಮಾನರು ಬಾಗಿಲ ಹತ್ತಿರದಿಂದ ಬೇಡ ಎಂಬಂತೆ ತಲೆಯಾಡಿಸಿದರು. ನಾನು ನಿಲ್ಲಿಸಲಿಲ್ಲ. ಕೆಮ್ಮಣ್ಣಿನ ವಿಷಯ ಹೇಳಿದೆ, ತಡವಾದದ್ದಕ್ಕೆ ಡಾಕ್ಟರು ಏನೆಂದರು ಎಂದು ಹೇಳಿದೆ. ಒಳಮಗ್ಗುಲು ತಿರುವಿದ ರವಿಕೆ, ಹತ್ತಿರ ಸೇರಿಸಲಾಗದ ಮೊಮ್ಮಗಳು, ಎಲ್ಲವನ್ನೂ ಹೇಳಿದೆ. “ಆ ಬೆನ್ನಿಗೆ ಇವರು ಕೈಯೆತ್ತಿ ಹೊಡೆದರು. ನೀವೆಲ್ಲ ನಕ್ಕಿರಿ,” ಎಂದೆ. ದನಿ ನಡುಗಲಿಲ್ಲ. ಅಷ್ಟು ವರ್ಷ ಮನಸ್ಸಿನಲ್ಲೇ ಹೇಳಿಕೊಂಡು ಹೇಳಿಕೊಂಡು ಬಾಯಿಪಾಠವಾಗಿತ್ತಲ್ಲ.

ಎಲ್ಲರಿಗಿಂತ ಮೊದಲು ಬಾಯಿಬಿಟ್ಟವರು ಚಿಕ್ಕತ್ತೆ.

“ನಾನೂ ಅವತ್ತು ನಕ್ಕಿದ್ದೆ ಕಣವ್ವ,” ಎಂದರು. ಅಗಿಯುತ್ತಿದ್ದ ಎಲೆಯನ್ನು ಕೈಗೆ ಉಗಿದುಕೊಂಡು, ತಲೆ ತಗ್ಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

ವಾರಗಿತ್ತಿ ಮಾತ್ರ ತಲೆ ತಗ್ಗಿಸಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: “ಊಂ, ಒಡ್ದೆ. ಏನೀಗ?”

ಅವಳು ಅತ್ತು ಕ್ಷಮೆ ಕೇಳಿದ್ದರೆ ನನಗೆ ಅಷ್ಟು ಹಿತವಾಗುತ್ತಿರಲಿಲ್ಲ. ಕ್ಷಮೆ ಕೇಳಿದವರನ್ನು ಕ್ಷಮಿಸಬೇಕಾಗುತ್ತದೆ. ಇದು ಹಾಗಲ್ಲ. ಹೊಡೆದೆ ಎಂದು ಅವಳ ಬಾಯಿಂದಲೇ ಎಲ್ಲರ ಎದುರು ಬಂದಿತ್ತು, ನಾನು ಏನನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ.

“ಏನೂ ಇಲ್ಲ ಅಕ್ಕ,” ಎಂದೆ. “ಸೋಮವಾರ ರೆಡಿಯಾಗಿರಿ. ಡಾಕ್ಟರ ಹತ್ತಿರ ಹೋಗೋಣ.”

ಆರ್.ಟಿ. ನಗರದ ಅದೇ ಡಾಕ್ಟರು. ಅವಳ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಒಂದೊಂದನ್ನೇ ತಿರುಗಿಸಿ ನೋಡಿದರು.

“ಒಂದೇ ಸೂಜಿದು ಆಕ್ಬಿಡಿ ಡಾಕ್ಟ್ರೇ,” ಎಂದಳು ಅವಳು. “ಎರಡು ಬೇಡ.”

“ಒಂದೇ ಡೋಸಿನದು ಹಳೇ ಬಗೆಯದು. ಅದರಲ್ಲಿ ಜೀವ ಇರೋ ವೈರಸ್ಸನ್ನೇ ಸುಸ್ತು ಮಾಡಿ ಹಾಕಿರ್ತಾರೆ. ನೀವು ಕೀಲಿಗೆ ತಗೊಳ್ಳೋ ಈ ಮಾತ್ರೆ ಮೈಯ ಶಕ್ತಿ ತಗ್ಗಿಸುತ್ತೆ. ಅಂಥವರಿಗೆ ಅದು ಕೊಡೋ ಹಾಗಿಲ್ಲ. ಈಗಿನದು ಬೇರೆ. ಇದರಲ್ಲಿ ವೈರಸ್ಸಿನ ಒಂದು ತುಣುಕು ಮಾತ್ರ ಇರುತ್ತೆ, ಜೀವ ಇಲ್ಲ. ಕಾಪಾಡೋದೂ ಜಾಸ್ತಿ, ತುಂಬಾ ಕಾಲ. ಆದರೆ ಎರಡು ಡೋಸು, ಕೆಲವು ತಿಂಗಳ ಅಂತರದಲ್ಲಿ. ಒಂದು ಹಾಕಿಸಿಕೊಂಡು ಬಿಟ್ಟರೆ ಅರ್ಧ ಕೆಲಸ. ತೋಳು ನೋಯುತ್ತೆ, ಜ್ವರ ಬರಬಹುದು, ಮೈಕೈ ಹಿಡಕೊಳ್ಳುತ್ತೆ. ಒಂದೆರಡು ದಿನ, ಅಷ್ಟೆ.”

ಅವಳು ನನ್ನ ಕಡೆ ತಿರುಗಿದಳು. “ನೀನ್ ಆಕಿಸ್ಕೊಂಡಿದ್ದು ಯಾವ್ದು?”

“ಇದೇ.”

“ನೋವಾಯ್ತಾ?”

“ಆಯ್ತು. ಬೆನ್ನಿನ ನೋವು ಕಂಡ ಮೇಲೆ ನನಗೇನೂ ಅನ್ನಿಸಲಿಲ್ಲ.”

ಅವಳು ತೋಳು ಚಾಚಿದಳು.

ಮಾರನೆಯ ಬೆಳಗ್ಗೆ ಗಂಜಿ ಮಾಡಿಕೊಂಡು ನಾನು ಮಹಡಿ ಹತ್ತಿದೆ. ಅವಳು ಜ್ವರದಲ್ಲಿ ಮಲಗಿದ್ದಳು. ಸೂಜಿ ಹಾಕಿದ ತೋಳು ಕೆಂಪಾಗಿ ಊದಿತ್ತು, ಅದನ್ನು ದಿಂಬಿನ ಮೇಲಿಟ್ಟುಕೊಂಡಿದ್ದಳು. “ಸತ್ತೋಗ್ತೀನಿ ಕಣೆ,” ಎಂದಳು.

“ಇಲ್ಲ ಅಕ್ಕ. ಒಂದೆರಡು ದಿನ, ಅಷ್ಟೆ. ಡಾಕ್ಟರು ಹೇಳಿದ್ರಲ್ಲ.”

“ತೋಳು ಮಾತ್ರ ಮುಟ್ಬೇಡ.”

ನಾನು ಕುರ್ಚಿಯನ್ನು ಆ ತೋಳಿನ ಪಕ್ಕಕ್ಕೇ ಎಳೆದುಕೊಂಡು ಕೂತೆ. ಮುಟ್ಟಲಿಲ್ಲ. ಬಲಗೈಯನ್ನು ದಿಂಬಿನ ಅಂಚಿನಲ್ಲಿ ಇಟ್ಟುಕೊಂಡೆ, ಅಷ್ಟೆ. ಅವಳು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು. ನಾನು ಎಡಗೈಯಲ್ಲಿ ಗಂಜಿಯ ಲೋಟ ಹಿಡಿದು ಅವಳಿಗೆ ಕುಡಿಸಿದೆ. ಅವಳು ಕುಡಿದಳು, ಕಣ್ಣು ಕೀಳಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಯಾರಿಗೂ ಗಂಜಿ ಕುಡಿಸಿರಲಿಲ್ಲ.

ಎರಡನೆಯ ಡೋಸಿನ ಹೊತ್ತಿಗೆ ಅವಳು ಬರುವುದಿಲ್ಲ ಎಂದು ಹಟ ಹಿಡಿದಳು. ಒಂದು ಸಾಕು, ಮೈಗೆಲ್ಲ ಇನ್ನೂ ನೆನಪಿದೆ ಎಂದಳು. ಭಾವನವರು, ಮಗ, ಸೊಸೆ ಎಲ್ಲ ಹೇಳಿ ಸುಮ್ಮನಾದರು. ನಾನು ಮೇಲೆ ಹೋಗಿ ಅವಳ ಬೀರುವಿನಿಂದ ಸೀರೆ ತೆಗೆದು ಮಂಚದ ಮೇಲಿಟ್ಟೆ.

“ಉಟ್ಕೊಳ್ಳಿ. ಆಟೋ ನಿಂತಿದೆ.”

“ನಿಂಗ್ಯಾಕೆ ನನ್ ಮೇಲೆ ಇಷ್ಟೊಂದು ಮಮಕಾರ?”

“ಮಮಕಾರ ಅಲ್ಲ ಅಕ್ಕ. ನೀವು ಚೆನ್ನಾಗಿ ಬದುಕಿರಬೇಕು. ಕಾಯಿಲೆ ಬಿದ್ದರೆ ಎಲ್ಲರೂ ನಿಮ್ಮನ್ನ ಪಾಪ ಅಂತಾರೆ. ಸತ್ತರೆ ದೇವರಂಥೋಳು ಅಂತಾರೆ. ಎರಡೂ ನನಗೆ ಬೇಡ. ನೀವು ಗಟ್ಟಿಯಾಗಿ ಓಡಾಡ್ಕೊಂಡು, ಹೊಡೆದಿದ್ದನ್ನ ನೆನಪಿಟ್ಕೊಂಡಿರಬೇಕು.”

ಅವಳು ನಕ್ಕಳು. ಅಣಕವಲ್ಲ, ನಿಜವಾದ ನಗು. “ನೀನ್ ಕೆಟ್ಟೋಳು ಕಣೆ,” ಎಂದು ಸೀರೆ ಎತ್ತಿಕೊಂಡಳು.

ನಾನು ನಗಲಿಲ್ಲ. ಆಟೋದಲ್ಲಿ ಮೇಖ್ರಿ ಸರ್ಕಲ್ ದಾಟಿ ಹೋಗಿ ಅವಳಿಗೆ ಎರಡನೆಯದನ್ನೂ ಹಾಕಿಸಿಕೊಂಡು ಬಂದೆ.

ಈಗ ಆ ಕಡೆ ಈ ಕಡೆಯ ಬೀದಿಯ ಹೆಂಗಸರು ನನ್ನ ಹತ್ತಿರ ಬಂದು ಕೇಳುತ್ತಾರೆ: ಸರ್ಪಸುತ್ತಿನ ಸೂಜಿ ಯಾವುದು, ಸಕ್ಕರೆ ಕಾಯಿಲೆ ಇದ್ದವರು ಹಾಕಿಸಬಹುದಾ, ಜ್ವರ ಬರುತ್ತದಾ? ನನಗೆ ತಿಳಿದಷ್ಟು ಹೇಳಿ, ನಿಮ್ಮ ಡಾಕ್ಟರನ್ನು ಕೇಳಿಯೇ ಹಾಕಿಸಿಕೊಳ್ಳಿ ಎನ್ನುತ್ತೇನೆ. ಆದರೆ ಅದಕ್ಕೂ ಮುಂಚೆ ಗೃಹಪ್ರವೇಶದ ಕತೆ ಹೇಳುತ್ತೇನೆ. ಮಹಡಿಯ ಕಿಟಕಿ ತೆರೆದಿರುವಾಗ ಅಂಗಳದಲ್ಲೇ ಕೂರಿಸಿ ಹೇಳುತ್ತೇನೆ.

ಮೊನ್ನೆ ಪಕ್ಕದ ಬೀದಿಯಿಂದ ಒಬ್ಬರು ಬಂದಿದ್ದರು. “ನಾನು ಹಸಿರು ಸೀರೆ ಉಟ್ಟು ಜಮಖಾನದ ಮೇಲೆ ಕೂತಿದ್ದೆ,” ಎಂದು ಶುರುಮಾಡಿದೆ.

ಮೇಲಿಂದ ಅವಳ ದನಿ ಬಂತು.

“ಅಸಿರು ಅಲ್ಲ ಕಣೆ. ನೀಲಿ.”

ಬಂದವರು ಬೆಚ್ಚಿ ಮೇಲೆ ನೋಡಿದರು. ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ನಾನು ಒಳಗೆ ಹೋಗಿ ಬೀರು ತೆಗೆದು ನೋಡಲಿಲ್ಲ. ನೀಲಿಯೇ ಇರಬೇಕು.

“ನೀಲಿ ಸೀರೆ,” ಎಂದು ಮುಂದುವರಿಸಿದೆ.